ಪಾಲಕರ ಸಭೆಯಲ್ಲಿ ಕುರ್ಚಿಗಳು ಖಾಲಿ ಏಕೆ?

ಬೇಸಿಗೆಯ ಬಿಡುವು ಮುಗಿದು ಶಾಲೆಯ ಗಂಟೆ ಮತ್ತೆ ಮೊಳಗಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ನಮ್ಮ ಕುಟುಂಬಗಳ ಮಕ್ಕಳು ಪಾಟಿಚೀಲ ಹೆಗಲಿಗೇರಿಸಿಕೊಂಡು ಹೊರಟಿದ್ದಾರೆ. ಪ್ರಾರಂಭೋತ್ಸವದ ತಳಿರುತೋರಣ ಒಣಗುವ ಮುನ್ನವೇ ಅವರ ಕೈಯಲ್ಲಿ ಒಂದು ಚೀಟಿ ಮನೆಗೆ ಬರುತ್ತದೆ: ಪಾಲಕರ ಸಭೆ ಇದೆ, ತಪ್ಪದೆ ಹಾಜರಾಗಬೇಕು. ಆ ಚೀಟಿಯನ್ನು ಎಷ್ಟು ಮಂದಿ ಓದುತ್ತಾರೆ, ಓದಿದವರಲ್ಲಿ ಎಷ್ಟು ಮಂದಿ ಬರುತ್ತಾರೆ, ಬಂದವರಲ್ಲಿ ಎಷ್ಟು ಮಂದಿ ಬಾಯಿ ತೆರೆದು ಮಾತನಾಡುತ್ತಾರೆ ಎಂಬುದನ್ನು ಈ ವಾರ ವಿಚಾರಿಸುವುದು ಉಚಿತವೆಂದು ನಮಗೆ ತೋರಿದೆ.

ಇತರರ ಲೋಪವನ್ನು ಎಣಿಸುವ ಮೊದಲು ನಮ್ಮ ಲೋಪವನ್ನು ಹೇಳಿಕೊಳ್ಳುವುದು ನ್ಯಾಯ. ಕೆಲವು ವರ್ಷಗಳ ಹಿಂದೆ ನಾವು ಸೇವೆಯಲ್ಲಿದ್ದ ಊರೊಂದರ ಶಾಲೆಯಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ನಾಗಪಂಚಮಿ ಕಳೆದ ಮೇಲೆ ಬರುವುದನ್ನೇ ಬಿಟ್ಟಳು. ಹತ್ತಿಬೀಜದ ಹೊಲದಲ್ಲಿ ಹೂವಿನ ಕ್ರಾಸಿಂಗ್ ಕೆಲಸ ನಡೆಯುವ ಕಾಲವದು. ಸಣ್ಣ ಬೆರಳುಗಳಿಗೆ ಬೇಡಿಕೆ ಇರುವ ಕಾಲ. ಶಾಲೆಯಿಂದ ಮೂರು ಸಲ ಚೀಟಿ ಹೋಯಿತು. ಯಾರೂ ಬರಲಿಲ್ಲ. 'ಪಾಲಕರಿಗೆ ಕಾಳಜಿ ಇಲ್ಲ' ಎಂದು ಹಾಜರಿ ಪುಸ್ತಕದ ಅಂಚಿನಲ್ಲಿ ಬರೆದದ್ದನ್ನು ನಾವೂ ಒಪ್ಪಿಕೊಂಡೆವು. ಕೊನೆಗೆ ಒಂದು ಸಂಜೆ, ದನಗಳು ಮನೆ ಸೇರುವ ಹೊತ್ತಿಗೆ, ಶಿಕ್ಷಕಿಯೊಬ್ಬರೊಡನೆ ನಾವೇ ಆ ಮನೆಗೆ ಹೋದೆವು. ಕಂಬಳಿ ಹಾಸಿ ಕೂಡಿಸಿ, ನೀರು ಕೊಟ್ಟು, ತಾಯಿ ಆಡಿದ ಮಾತು ಇಷ್ಟು: "ಫಾದರ್ರೀ, ಸಾಲಿಯವ್ರು ನಮ್ಮನ್ನ ಕರಿಯೂದು ಎರಡಕ್ಕ. ಒಂದು ರೊಕ್ಕ ಕೇಳಾಕ, ಇನ್ನೊಂದು ಬೈಯ್ಯಾಕ. ಎರಡಕ್ಕೂ ನಮ್ಮ ಹತ್ರ ಉತ್ತರ ಇಲ್ರಿ."

ಮಾತು ಮುಂದುವರಿದಾಗ ಆಕೆ ಇನ್ನೊಂದು ಸಂಗತಿ ಹೇಳಿದಳು. ಮಗಳಿಗೆ ದೂರದ್ದು ಕಾಣುವುದಿಲ್ಲ. ಹೊಲದ ಬದುವಿನಲ್ಲಿ ನಿಂತ ಅಪ್ಪನನ್ನು ದನಿಯಿಂದಲೇ ಗುರುತಿಸುತ್ತಾಳೆ. ಶಿಕ್ಷಕಿ ನಮ್ಮ ಮುಖ ನೋಡಿದರು. ಆ ಮಗುವನ್ನು ಒಂದು ವರ್ಷದಿಂದ ಹಿಂದಿನ ಸಾಲಿನಲ್ಲಿ ಕೂಡಿಸಿ, ಹಲಗೆಯ ಮೇಲಿನದನ್ನು ಬರೆದುಕೊಳ್ಳದ ದಡ್ಡಿ ಎಂದು ಎಣಿಸಲಾಗಿತ್ತು. ಮುಂದೆ ಆಕೆಗೆ ಕನ್ನಡಕ ಬಂತು, ಆದರೆ ಆಕೆ ಶಾಲೆಗೆ ಮರಳಲಿಲ್ಲ. ಅವಳ ತಂಗಿ ಎಂಟನೆಯ ತರಗತಿ ದಾಟಿದಳೆಂಬುದಷ್ಟೇ ನಮಗೆ ಉಳಿದ ಸಮಾಧಾನ. ಒಂದು ವರ್ಷ ಮೊದಲೇ ಆ ತಾಯಿಯನ್ನು ಬೈಯುವುದಕ್ಕಲ್ಲದೆ ಕೇಳುವುದಕ್ಕೆ ಕರೆದಿದ್ದರೆ ಅವಳ ಬದುಕಿನ ದಾರಿ ಬೇರೆಯಾಗುತ್ತಿತ್ತೇನೋ ಎಂಬ ಪ್ರಶ್ನೆ ಇಂದಿಗೂ ನಮ್ಮನ್ನು ಬಿಟ್ಟಿಲ್ಲ.

ಹೆದರಿಕೆಯ ಬೇರು

ನಮ್ಮ ಭಾಗದ ಪಾಲಕರು ಶಾಲೆಯ ಗೇಟಿನಲ್ಲಿ ಚಪ್ಪಲಿ ಬಿಟ್ಟು ಹಿಂಜರಿದು ನಿಲ್ಲುವುದಕ್ಕೆ ಕಾರಣಗಳಿವೆ. ಈ ನಾಡು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು; ಕೊಪ್ಪಳವಂತೂ ಸಾಲಾರ್ ಜಂಗರ ಜಹಗೀರು. ಅಂದು ಮೇಲಿನ ಶಿಕ್ಷಣದ ಭಾಷೆ ಉರ್ದು, ಮನೆಯ ಭಾಷೆ ಕನ್ನಡ. ಶಾಲೆಯೆಂಬುದು ಸರಕಾರದವರದು, ನಮ್ಮದಲ್ಲ ಎಂಬ ಭಾವನೆ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಹರಿದು ಬಂತು. 1956ರಲ್ಲಿ ನಾವು ಕನ್ನಡಿಗರ ಒಂದೇ ರಾಜ್ಯದಲ್ಲಿ ಸೇರಿದೆವು, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾಯಿತು. ಆದರೂ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇಕಡ 68ರಷ್ಟು, ಮಹಿಳೆಯರದು ಶೇಕಡ 58ನ್ನೂ ಮುಟ್ಟಿರಲಿಲ್ಲ. ಅಂದು ಅಕ್ಷರ ಕಲಿಯದೆ ಉಳಿದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಶಾಲೆಗೆ ಮಕ್ಕಳನ್ನು ಕಳಿಸುತ್ತಿರುವ ತಾಯಂದಿರು. ಅವರ ಕೈಗೆ ಚೀಟಿ ಕೊಟ್ಟು, ಬಾರದಿದ್ದಾಗ ಕಾಳಜಿ ಇಲ್ಲವೆಂದು ತೀರ್ಪು ಕೊಡುವುದು ಯಾವ ನ್ಯಾಯ?

ಇನ್ನೊಂದು ಕಾರಣ ಹೊಟ್ಟೆಯದು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕಂಡ ಗಂಗಾವತಿಯ ಕಡೆ ನಾಟಿ ಮತ್ತು ಕೊಯ್ಲಿನ ದಿನಗಳಲ್ಲಿ ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬರುವುದೆಂದರೆ ಒಂದು ದಿನದ ಅಡಿಗೆ ಬಿಟ್ಟಂತೆ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಒಣಬೇಸಾಯದವರ ಸ್ಥಿತಿ ಇನ್ನೂ ಕಠಿಣ. ಮಳೆ ಕೈಕೊಟ್ಟ ವರ್ಷ ದೀಪಾವಳಿ ಮುಗಿಯುತ್ತಲೇ ಕುಟುಂಬಗಳು ಬೆಂಗಳೂರು, ಮಂಗಳೂರು, ಗೋವೆಯ ಕಡೆಗೆ ಗುಳೆ ಹೊರಡುತ್ತವೆ. ಅಂಥ ಮನೆಯ ಮಗುವಿಗೆ ನವೆಂಬರಿನಿಂದ ಯುಗಾದಿಯವರೆಗೆ ಶಾಲೆ ಎಂಬುದು ಊರಿನಲ್ಲಿ ಬಿಟ್ಟುಹೋದ ಒಂದು ವಸ್ತು ಮಾತ್ರ.

ಹಾಗೆಂದು ಅನುಕೂಲವಂತ ಪಾಲಕರು ದೋಷಮುಕ್ತರೇನಲ್ಲ. ಪಟ್ಟಣದ ಕೆಲವು ಕುಟುಂಬಗಳು ಸಭೆಗೆ ತಪ್ಪದೆ ಬರುತ್ತವೆ, ಆದರೆ ಕೇಳುವುದು ಒಂದೇ ಪ್ರಶ್ನೆ: ನಮ್ಮ ಹುಡುಗನಿಗೆ ಎಷ್ಟನೆಯ ಸ್ಥಾನ? ಶುಲ್ಕ ಕಟ್ಟಿದ್ದೇವೆ, ಉಳಿದದ್ದು ಶಾಲೆಯ ಜವಾಬ್ದಾರಿ ಎಂಬುದು ಅವರ ನಿಲುವು. ಬಡ ತಾಯಿ ಹೆದರಿಕೆಯಿಂದ ಮೌನವಾಗಿರುತ್ತಾಳೆ. ಇವರು ಅಂಕಗಳ ಗದ್ದಲದಲ್ಲಿ ಮಗುವಿನ ಮಾತನ್ನೇ ಮರೆಯುತ್ತಾರೆ. ಎರಡೂ ಕಡೆ ನಷ್ಟವಾಗುವುದು ಮಗುವಿಗೆ.

ಯಾರಿಗೆ ಏನು ಗೊತ್ತು?

ಗುರುವಿದ್ಯಾಮಂದಿರದಲ್ಲಿ ತತ್ವಶಾಸ್ತ್ರ ಓದುವಾಗ ಅರಿಸ್ಟಾಟಲನ ಒಂದು ವಿಚಾರ ನಮ್ಮ ಮನಸ್ಸಿನಲ್ಲಿ ನಾಟಿತ್ತು. ಸಾಮಾನ್ಯ ನಿಯಮವನ್ನು ಬಲ್ಲವನಿಗಿಂತ ಎದುರಿಗಿರುವ ವ್ಯಕ್ತಿಯನ್ನು ಅನುಭವದಿಂದ ಬಲ್ಲವನೇ ಎಷ್ಟೋ ವೇಳೆ ಸರಿಯಾದ ಕೆಲಸ ಮಾಡುತ್ತಾನೆ, ಏಕೆಂದರೆ ವೈದ್ಯನು ಗುಣಪಡಿಸುವುದು 'ಮನುಷ್ಯ' ಎಂಬ ಸಾಮಾನ್ಯವನ್ನಲ್ಲ, ತನ್ನ ಮುಂದೆ ಕುಳಿತ ಈ ರೋಗಿಯನ್ನು ಎಂಬುದು ಅದರ ತಾತ್ಪರ್ಯ. ಆದರೂ ಕಾರಣವನ್ನು ಬಲ್ಲವನ ಜ್ಞಾನವನ್ನು ಅವನು ತಳ್ಳಿಹಾಕುವುದಿಲ್ಲ. ಶಿಕ್ಷಕನಿಗೆ ಪಾಠದ ಕ್ರಮ ಗೊತ್ತು, ವಯಸ್ಸಿನ ಸ್ವಭಾವ ಗೊತ್ತು. ತಾಯಿಗೆ ಈ ಮಗು ಗೊತ್ತು. ಅದು ಯಾವಾಗ ಸುಳ್ಳು ಹೇಳುತ್ತದೆ, ಯಾವುದಕ್ಕೆ ಹೆದರುತ್ತದೆ, ದೂರದ್ದು ಏಕೆ ಕಾಣುವುದಿಲ್ಲ ಎಂಬುದು ಆಕೆಯ ಅರಿವು. ಅಕ್ಷರ ಬಾರದವಳಿಗೆ ಅರಿವು ಇಲ್ಲವೆಂದು ತಿಳಿಯುವ ಶಾಲೆ ತನ್ನ ಅರ್ಧ ಜ್ಞಾನವನ್ನು ತಾನೇ ಹೊರಗೆ ನಿಲ್ಲಿಸಿದಂತೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1965ರ ಶಿಕ್ಷಣ ಕುರಿತ ಘೋಷಣೆಯಲ್ಲಿ ತಂದೆತಾಯಿಗಳನ್ನು ಮಕ್ಕಳ ಮೊದಲ ಶಿಕ್ಷಕರೆಂದು ಮಾನ್ಯ ಮಾಡಿತು. ಓದುಬರಹ ಬಲ್ಲ ತಂದೆತಾಯಿಗಳು ಮಾತ್ರ ಎಂಬ ಷರತ್ತನ್ನು ಅದು ಹಾಕಲಿಲ್ಲ.

ಆರು, ಏಳು, ಎಂಟನೆಯ ತರಗತಿಯ ವಯಸ್ಸು ವಿಶೇಷವಾಗಿ ನಾಜೂಕಾದದ್ದು. ಹನ್ನೊಂದರಿಂದ ಹದಿನಾಲ್ಕರ ನಡುವೆ ಮಗು ಮನೆಯಲ್ಲಿ ಮಾತು ಕಡಿಮೆ ಮಾಡುತ್ತದೆ. ದುಡಿಯುವ ಶಕ್ತಿ ಬರುವುದೂ ಆಗಲೇ, ಹೆಣ್ಣುಮಗುವಿನ ಮದುವೆಯ ಮಾತು ಮೊದಲು ಕೇಳುವುದೂ ಆಗಲೇ. ಊರಿನ ಶಾಲೆ ಮುಗಿದು ಪ್ರೌಢಶಾಲೆಗೆ ಪಕ್ಕದ ಊರಿಗೆ ಹೋಗಬೇಕಾದಲ್ಲಿ ಅನೇಕ ಹುಡುಗಿಯರ ಓದು ಬಸ್ ನಿಲ್ದಾಣದಲ್ಲಿಯೇ ಮುಗಿಯುತ್ತದೆ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ದೊರೆತಿದೆ. ಆದರೆ ಶಾಲೆಯ ಹೊತ್ತಿಗೆ ಬಸ್ಸೇ ಬಾರದಿದ್ದರೆ ಉಚಿತ ಟಿಕೇಟಿನಿಂದ ಪ್ರಯೋಜನವಿಲ್ಲ. ಇಂಥ ಪ್ರಶ್ನೆಯನ್ನು ಎತ್ತಬೇಕಾದ ಸ್ಥಳವೂ ಪಾಲಕರ ಸಭೆಯೇ.

ಕಾನೂನು ಮತ್ತು ಮನಸ್ಸಾಕ್ಷಿ

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಮುಂದೆ ಹೋಗಿ, ಶಾಲಾ ಸಮಿತಿಯ ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು ಎಂದಿತು. ಸರಕಾರಿ ಶಾಲೆಗೆ ಮಕ್ಕಳನ್ನು ಕಳಿಸುವ ನಮ್ಮ ಕಥೋಲಿಕ ಕುಟುಂಬಗಳು ಈ ಸಮಿತಿಗಳಲ್ಲಿ ಮುಂದೆ ಬರಬೇಕು. ನಾವು ಸಂಖ್ಯೆಯಲ್ಲಿ ಕಡಿಮೆ, ನಮ್ಮ ಮಾತು ಯಾರು ಕೇಳುತ್ತಾರೆ ಎಂಬ ಸಂಕೋಚ ಬೇಡ. ಕಾಲುವೆಯ ಕ್ಯಾಂಪುಗಳಲ್ಲಿ ತೆಲುಗು ಮಾತನಾಡುವ ತಾಯಂದಿರು ಭಾಷೆಯ ತೊಡಕಿನಿಂದ ಹಿಂದೆ ಸರಿಯುವುದೂ ಬೇಡ. ಪಕ್ಕದ ಮನೆಯವರೊಬ್ಬರನ್ನು ಜೊತೆಗೆ ಕರೆತಂದರಾಯಿತು.

ಆದರೆ ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿದೆ. ನಮ್ಮ ಶಾಲೆಗಳಿಗೆ ದೊರೆತ ಆ ಸ್ವಾತಂತ್ರ್ಯವನ್ನು ನಾವು ಗೌರವಿಸುತ್ತೇವೆ. ಆದರೆ ಕಾನೂನು ಬಲವಂತ ಮಾಡುವುದಿಲ್ಲವೆಂದು ಪಾಲಕರನ್ನು ಕೇಳದಿರುವುದು ಆ ಸ್ವಾತಂತ್ರ್ಯದ ಸದುಪಯೋಗವಲ್ಲ. ಸರಕಾರಿ ಶಾಲೆಯಲ್ಲಿ ಕೂಲಿ ಮಾಡುವ ಹೆಣ್ಣುಮಗಳೊಬ್ಬಳು ಸಮಿತಿಯ ಸದಸ್ಯಳಾಗಿ ಕುಳಿತುಕೊಳ್ಳಬಹುದಾದರೆ, ಎಲ್ಲರೂ ದೇವರ ಮಕ್ಕಳೆಂದು ಸಾರುವ ನಮ್ಮ ಶಾಲೆಗಳಲ್ಲಿ ಆಕೆಗೊಂದು ಕುರ್ಚಿ ಏಕಿರಬಾರದು?

ಶಿಕ್ಷಕರು ಹೇಳುವ ಮಾತನ್ನೂ ಕೇಳಬೇಕು. ಊಟ, ಹಾಲು, ಗಣತಿ, ಚುನಾವಣೆ, ದಾಖಲೆಗಳ ನಡುವೆ ಪಾಠಕ್ಕೇ ಹೊತ್ತಿಲ್ಲ, ಇನ್ನು ಮನೆಮನೆಗೆ ಹೋಗುವುದು ಯಾವಾಗ ಎಂದು ಅವರು ಕೇಳುತ್ತಾರೆ. ಅದು ಸುಳ್ಳಲ್ಲ. ಅದಕ್ಕೇ ಹೊಸ ಹೊರೆ ಹೊರಿಸುವ ಬದಲು ಇರುವ ಸಭೆಯ ಕ್ರಮವನ್ನೇ ಬದಲಿಸೋಣ ಎಂಬುದು ನಮ್ಮ ಸಲಹೆ. ನಮ್ಮ ಭಾಗದಲ್ಲಿ ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗವಿಡುವುದಿಲ್ಲ, ಅನೇಕ ಊರುಗಳಲ್ಲಿ ಸೋಮವಾರವೂ ಹಾಗೆಯೇ. ಎತ್ತಿಗೆ ಬಿಡುವಿರುವ ಸಂಜೆ ರೈತನಿಗೂ ಬಿಡುವು. ಸಭೆಯನ್ನು ಅಂಥ ಸಂಜೆ ಇಡಬಹುದು. ಚೀಟಿಯ ಜೊತೆಗೆ ಬಾಯಿಮಾತಿನ ಕರೆಯೂ ಹೋಗಲಿ. ಸಭೆಯಲ್ಲಿ ಮೊದಲು ಮಗುವಿನ ಒಂದು ಒಳ್ಳೆಯ ಗುಣ ಹೇಳಿ, ಆಮೇಲೆ 'ಮನೆಯಲ್ಲಿ ನೀವು ಏನು ಕಂಡಿರಿ?' ಎಂದು ಕೇಳಲಿ. ಶುಲ್ಕದ ಬಾಕಿಯ ಮಾತು ಆ ದಿನ ಬೇಡ, ಅದಕ್ಕೆ ಬೇರೆ ದಿನವಿದೆ.

ಈ ವರ್ಷ ಪಾಲಕರು ಮರೆಯದಿರಲಿ

ಮುಂದಿನ ತಿಂಗಳುಗಳಲ್ಲಿ ಪಾಲಕರು ಗಮನಿಸಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ನೆನಪಿಸುತ್ತೇವೆ. ಸರಕಾರಿ ಶಾಲೆಗಳ 'ಸಮುದಾಯದತ್ತ ಶಾಲೆ' ಕಾರ್ಯಕ್ರಮದಲ್ಲಿ ಮಕ್ಕಳ ಉತ್ತರಪತ್ರಿಕೆಗಳನ್ನು ಪಾಲಕರ ಮುಂದಿಡಲಾಗುತ್ತದೆ. ಓದಲು ಬಾರದಿದ್ದರೂ ಹೋಗಿ, ಮಗುವಿನಿಂದಲೇ ಓದಿಸಿ ಕೇಳಿ.

ಎಂಟನೆಯ ತರಗತಿಯ ಮಕ್ಕಳಿಗೆ ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಸರಕಾರಿ ಮತ್ತು ಅನುದಾನಿತ ಶಾಲೆಯಲ್ಲಿ ಓದುವ, ಏಳನೆಯ ತರಗತಿಯಲ್ಲಿ ಶೇಕಡ 55 ಅಂಕ ಪಡೆದ, ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ರೂಪಾಯಿ ಮೀರದ ಮಕ್ಕಳು ಅರ್ಜಿ ಸಲ್ಲಿಸಬಹುದು. ಮೀಸಲು ವರ್ಗದವರಿಗೆ ಅಂಕದಲ್ಲಿ ರಿಯಾಯಿತಿಯಿದೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ ದೊರೆಯುತ್ತದೆ. ಅಲ್ಪಸಂಖ್ಯಾತರಿಗೆ ಕೇಂದ್ರ ಸರಕಾರ ಕೊಡುತ್ತಿದ್ದ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ 2022ರಲ್ಲಿ ನಿಂತ ಮೇಲೆ ಈ ಪರೀಕ್ಷೆಯ ಮಹತ್ವ ನಮ್ಮ ಬಡ ಕುಟುಂಬಗಳಿಗೆ ಇನ್ನೂ ಹೆಚ್ಚಿದೆ. ಆದಾಯ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ.

ಗುಳೆ ಹೋಗಲೇಬೇಕಾದವರು ಮೊದಲು ಮುಖ್ಯೋಪಾಧ್ಯಾಯರಿಗೆ ತಿಳಿಸಿ. ವರ್ಗಾವಣೆ ಪತ್ರವನ್ನು ಕೂಡಲೇ ಕೊಡಬೇಕೆಂದೂ, ಅದು ತಡವಾಯಿತೆಂದು ಬೇರೆ ಊರಿನ ಸರಕಾರಿ ಅಥವಾ ಅನುದಾನಿತ ಶಾಲೆ ಮಗುವನ್ನು ಹೊರಗಿಡಬಾರದೆಂದೂ ಕಾಯ್ದೆ ಹೇಳುತ್ತದೆ. ಮಗು ಊರಿನಲ್ಲಿಯೇ ಉಳಿಯುವುದಾದರೆ ಋತುಮಾನದ ವಸತಿ ವ್ಯವಸ್ಥೆ ಇದೆಯೇ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಹತ್ತಿ ಹೊಲದ ಕೂಲಿಗೆ ಹದಿನಾಲ್ಕರೊಳಗಿನ ಮಗುವನ್ನು ಕಳಿಸುವುದು 2016ರ ತಿದ್ದುಪಡಿಯ ನಂತರ ಸಂಪೂರ್ಣ ನಿಷಿದ್ಧ. ನಮ್ಮ ಸಭೆಯಲ್ಲಿ ಹೊಲದ ಒಡೆಯರೂ ಇದ್ದಾರೆ. ಈ ಮಾತು ಅವರಿಗೂ ಸಲ್ಲುತ್ತದೆ.

ಕೊನೆಯದಾಗಿ ತಂದೆಯರಿಗೆ ಒಂದು ಮಾತು. ಸಭೆಗೆ ತಾಯಿಯೇ ಹೋಗಲಿ ಎಂಬ ವಾಡಿಕೆ ನಮ್ಮಲ್ಲಿದೆ. ಮಗಳನ್ನು ಎಂಟನೆಯ ತರಗತಿಯ ಆಚೆ ಓದಿಸಬೇಕೇ ಬೇಡವೇ ಎಂಬ ತೀರ್ಮಾನವನ್ನು ಮಾತ್ರ ತಂದೆಯರೇ ಮಾಡುತ್ತಾರೆ. ತೀರ್ಮಾನ ಮಾಡುವವರು ಒಮ್ಮೆಯಾದರೂ ಶಾಲೆಗೆ ಬಂದು, ಮಗಳು ಬರೆದ ಪುಟವನ್ನು ಕೈಯಲ್ಲಿ ಹಿಡಿದು ನೋಡಲಿ. ಶಾಲೆಯವರು ಅವರನ್ನು ನಿಲ್ಲಿಸಿ ಮಾತನಾಡಿಸದೆ ಕುರ್ಚಿ ಕೊಟ್ಟು ಕೂಡಿಸಲಿ. ನಮ್ಮ ಧರ್ಮಕೇಂದ್ರಗಳ ವತಿಯಿಂದ ಮಾಡಬೇಕಾದ ಮನೆಭೇಟಿಗಳನ್ನು ಈ ವರ್ಷ ಹಬ್ಬದ ಆಶೀರ್ವಾದಕ್ಕಷ್ಟೇ ಮೀಸಲಿಡದೆ, ಶಾಲೆ ಬಿಟ್ಟ ಮಕ್ಕಳ ಮನೆಗಳಿಂದಲೇ ಪ್ರಾರಂಭಿಸಲು ನಾವೂ ನಿಶ್ಚಯಿಸಿದ್ದೇವೆ. ಓದುಗರು ತಮ್ಮ ಓಣಿಯಲ್ಲಿ ಅಂಥ ಮನೆ ಇದ್ದರೆ ನಮಗೆ ತಿಳಿಸಬೇಕು. ಕತ್ತಲಾಗುವ ಮುನ್ನ ಹೋಗಿ ಬರುತ್ತೇವೆ.