ಕೆಮ್ಮಣ್ಣುಗುಂಡಿಯ ದಾರಿಯಲ್ಲಿ ನಿಂತ ಚುಕ್ಕೆ

ತರೀಕೆರೆಯಲ್ಲಿ ವ್ಯಾನು ಬಾಡಿಗೆಗೆ ಬಿಡುವ ಮಾಲಿಕನೊಬ್ಬ ಆಷಾಢದ ಒಂದು ಸಂಜೆ ಕೈಯಲ್ಲಿನ ಮೊಬೈಲನ್ನೇ ದಿಟ್ಟಿಸುತ್ತ ಕುಳಿತಿದ್ದಾನೆ. ಹನ್ನೆರಡು ಮಂದಿ ಪ್ರವಾಸಿಗರನ್ನು ಹೊತ್ತು ಅವನ ವ್ಯಾನು ಕೆಮ್ಮಣ್ಣುಗುಂಡಿಗೆ ಹೊರಟು ಬಹಳ ಹೊತ್ತಾಗಿದೆ. ಪರದೆಯ ನಕ್ಷೆಯಲ್ಲಿ ಆ ವ್ಯಾನು ಒಂದು ನೀಲಿ ಚುಕ್ಕೆ. ಚುಕ್ಕೆ ಲಿಂಗದಹಳ್ಳಿಯನ್ನು ದಾಟಿತು, ಕಲ್ಲತ್ತಿಗಿರಿಯನ್ನೂ ದಾಟಿತು. ಆಮೇಲೆ ಘಟ್ಟದ ಒಂದು ತಿರುವಿನಲ್ಲಿ ನಿಂತೇಬಿಟ್ಟಿತು. ಐದು ನಿಮಿಷವಾಯಿತು, ಹತ್ತಾಯಿತು, ಅರ್ಧ ಗಂಟೆಯಾಯಿತು. ಚಾಲಕನಿಗೆ ಕರೆ ಮಾಡಿದರೆ ಅವನು ವ್ಯಾಪ್ತಿ ಪ್ರದೇಶದ ಹೊರಗಿದ್ದಾನೆಂದು ಹೆಣ್ಣುದನಿಯೊಂದು ನಿರ್ವಿಕಾರವಾಗಿ ತಿಳಿಸುತ್ತದೆ. ಎಂಜಿನ್ ಕೆಟ್ಟಿತೇ? ಚಾಲಕ ಎಲ್ಲಾದರೂ ಚಹಾ ಕುಡಿಯುತ್ತ ಕುಳಿತನೇ? ಮಳೆಗೆ ಜಾರಿದ ಮಣ್ಣಿನೊಡನೆ ವ್ಯಾನೂ ಕೆಳಕ್ಕೆ ಹೋಯಿತೇ?

ಮಲೆನಾಡಿನಲ್ಲಿ ವಾಹನ ಇಟ್ಟವರಿಗೆಲ್ಲ ಇಂಥದೊಂದು ಸಂಜೆ ಒದಗಬಹುದಾದದ್ದೇ. ಈ ಗಾಬರಿಗೆ ಅರ್ಧ ಕಾರಣ ಘಟ್ಟದ ದಾರಿ. ಉಳಿದರ್ಧ ಒಂದು ತಪ್ಪು ತಿಳಿವಳಿಕೆ. ಉಪಗ್ರಹವು ಮೇಲಿನಿಂದ ವಾಹನವನ್ನು ನೋಡುತ್ತಿರುತ್ತದೆ, ನೋಡಿದ್ದನ್ನು ಮಾಲಿಕನಿಗೆ ವರದಿ ಮಾಡುತ್ತದೆ ಎಂಬುದು ಬಹುಜನರ ನಂಬಿಕೆ. ನಿಜವಾಗಿ ಜಿ.ಪಿ.ಎಸ್. ಉಪಗ್ರಹಕ್ಕೆ ಈ ವ್ಯಾನನ್ನು ಕಾಣುವ ಕಣ್ಣಿಲ್ಲ, ಅದರ ಮಾತನ್ನು ಕೇಳುವ ಕಿವಿಯಿಲ್ಲ. ತರೀಕೆರೆಯ ವ್ಯಾನೆಂಬುದೊಂದು ಭೂಮಿಯ ಮೇಲಿದೆಯೆಂಬುದೇ ಅದಕ್ಕೆ ತಿಳಿಯದು. ಅದರ ಕೆಲಸವೆಲ್ಲ ಡಂಗುರದವನ ಕೆಲಸ: ತಾನು ಇಂಥ ಉಪಗ್ರಹ, ಇಂಥ ಕಡೆ ಇದ್ದೇನೆ, ಈಗ ವೇಳೆ ಇಷ್ಟು ಎಂದು ಎಡೆಬಿಡದೆ ಸಾರುವುದು. ಕೇಳಿಸಿಕೊಂಡವರು ಯಾರು ಎಂದು ಡಂಗುರದವನು ಲೆಕ್ಕವಿಡುವುದಿಲ್ಲ.

ಸ್ಥಳವನ್ನು ಕಂಡುಹಿಡಿಯುವ ಹೊಣೆ ಪೂರ್ತಿಯಾಗಿ ವ್ಯಾನಿನಲ್ಲಿರುವ ಪುಟ್ಟ ಪೆಟ್ಟಿಗೆಯದು. ಅದರ ಉಪಾಯ ಮಲೆನಾಡಿನ ಮಕ್ಕಳಿಗೂ ಗೊತ್ತಿರುವಂಥದು. ಮಿಂಚು ಹೊಳೆದೊಡನೆ ಎಣಿಸತೊಡಗಿ ಗುಡುಗು ಕೇಳಿದೊಡನೆ ನಿಲ್ಲಿಸಿದರೆ ಸಿಡಿಲು ಎಷ್ಟು ದೂರದ್ದೆಂದು ಹೇಳಬಹುದು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರು. ಪೆಟ್ಟಿಗೆಯೂ ಹೀಗೆಯೇ, ಉಪಗ್ರಹ ಸಾರಿದ ವೇಳೆಗೂ ಆ ಸಾರಿಕೆ ತನಗೆ ಮುಟ್ಟಿದ ವೇಳೆಗೂ ಇರುವ ಅಂತರವನ್ನು ಎಣಿಸುತ್ತದೆ. ರೇಡಿಯೋ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುವುದರಿಂದ, 20,200 ಕಿಲೋಮೀಟರು ಎತ್ತರದ ಉಪಗ್ರಹದಿಂದ ಕೆಳಗಿಳಿಯಲು ಅದಕ್ಕೆ ಸೆಕೆಂಡಿನ ನೂರರಲ್ಲಿ ಏಳು ಪಾಲು ಸಾಕು. ಒಂದು ಉಪಗ್ರಹದಿಂದ ದೂರವಷ್ಟೇ ತಿಳಿಯಿತು. ಎರಡನೆಯದು, ಮೂರನೆಯದು ಸೇರಿದರೆ ಸ್ಥಳ ತಿಳಿಯಬೇಕು.

ಆದರೆ ತಿಳಿಯುವುದಿಲ್ಲ. ಉಪಗ್ರಹದಲ್ಲಿರುವುದು ಪರಮಾಣು ಗಡಿಯಾರ. ಪೆಟ್ಟಿಗೆಯಲ್ಲಿರುವುದು ಕೈಗಡಿಯಾರದ ಜಾತಿಯ ಅಗ್ಗದ ಗಡಿಯಾರ. ಇದು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ ದೂರದಲ್ಲಿ 300 ಮೀಟರಿನ ತಪ್ಪು. ಕೆಮ್ಮಣ್ಣುಗುಂಡಿಯ ದಾರಿಯಲ್ಲಿ 300 ಮೀಟರೆಂದರೆ ರಸ್ತೆಗೂ ಕಣಿವೆಗೂ ಇರುವ ವ್ಯತ್ಯಾಸ. ಆದುದರಿಂದ ನಾಲ್ಕನೆಯ ಉಪಗ್ರಹವೊಂದು ಬೇಕು. ಅದರ ನೆರವಿನಿಂದ ಪೆಟ್ಟಿಗೆ ತನ್ನ ಗಡಿಯಾರದ ತಪ್ಪನ್ನೇ ಲೆಕ್ಕಹಾಕಿ ತಿದ್ದಿಕೊಳ್ಳುತ್ತದೆ. ಅಷ್ಟೇ ಅಲ್ಲ, ಉಪಗ್ರಹದ ಗಡಿಯಾರವೂ ತಿದ್ದುಪಡಿಗೆ ಹೊರತಲ್ಲ. ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆಯ ನಿಯಮದಂತೆ ಅಷ್ಟೆತ್ತರದಲ್ಲಿ ಗಡಿಯಾರ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲಿ 38 ಪಾಲು ಮುಂದೆ ಹೋಗುತ್ತದೆ. ಅದನ್ನು ಮೊದಲೇ ಸರಿಪಡಿಸದೆ ಬಿಟ್ಟಿದ್ದರೆ ಒಂದೇ ದಿನದಲ್ಲಿ ತಪ್ಪು ಹತ್ತು ಕಿಲೋಮೀಟರು ಮೀರಿ, ಬೆಟ್ಟದ ಮೇಲಿನ ವ್ಯಾನನ್ನು ನಕ್ಷೆ ಕಲ್ಲತ್ತಿಗಿರಿಯ ಜಲಪಾತದ ಬಳಿ ತೋರಿಸುತ್ತಿತ್ತು! ವಿಶ್ವದ ರಹಸ್ಯವನ್ನು ಬಿಡಿಸಲು ಹುಟ್ಟಿದ ಗಣಿತ ಬಾಡಿಗೆ ವ್ಯಾನಿನ ಸೇವೆಗೂ ನಿಂತಿರುವುದು ಸೋಜಿಗವೇ ಸರಿ.

ಘಟ್ಟದಲ್ಲಿ ಈ ಲೆಕ್ಕಕ್ಕೂ ಅಡಚಣೆಗಳುಂಟು. ಒಂದು ಮಗ್ಗುಲಲ್ಲಿ ಕಡಿದ ಗುಡ್ಡ ಅರ್ಧ ಆಕಾಶವನ್ನು ಮುಚ್ಚುತ್ತದೆ. ಮಳೆಯಲ್ಲಿ ನೆಂದ ದಟ್ಟ ಎಲೆಗಳು ಮೊದಲೇ ಕ್ಷೀಣವಾದ ಅಲೆಯನ್ನು ಇನ್ನಷ್ಟು ಹೀರುತ್ತವೆ. ಬಂಡೆಗೆ ತಾಗಿ ಪ್ರತಿಧ್ವನಿಯಂತೆ ತಡವಾಗಿ ಬಂದ ಅಲೆಯನ್ನು ನಂಬಿದರೆ ಚುಕ್ಕೆ ರಸ್ತೆ ಬಿಟ್ಟು ಕಣಿವೆಯ ಮೇಲೆ ತೇಲುತ್ತದೆ. ಆಕಾಶದಲ್ಲಿ ಹೆಚ್ಚು ಉಪಗ್ರಹಗಳಿದ್ದಷ್ಟೂ ಒಳಿತು. ಈ ಕಾರಣಕ್ಕೂ, ಪರರಾಷ್ಟ್ರದ ಕೃಪೆಯಲ್ಲೇ ಇರಬಾರದೆಂಬ ಕಾರಣಕ್ಕೂ ಭಾರತ 2013ರಿಂದ ತನ್ನದೇ ಸಂಚಾರ ಉಪಗ್ರಹಗಳನ್ನು ಹಾರಿಸತೊಡಗಿತು. ನಾವಿಕ್ ಎಂದು ಅದರ ಹೆಸರು. ಆ ವ್ಯವಸ್ಥೆಯ ಸಂಚಾರ ಕೇಂದ್ರವಿರುವುದು ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ. ಮೊದಲ ಉಪಗ್ರಹದಲ್ಲಿದ್ದ ವಿದೇಶಿ ಪರಮಾಣು ಗಡಿಯಾರಗಳು ಮೂರಕ್ಕೆ ಮೂರೂ ಕೆಟ್ಟುಹೋದುದು ಇಸ್ರೋ ಸಂಸ್ಥೆಗೆ ಕಹಿ ಪಾಠವಾಯಿತು. 2023ರ ಮೇ ತಿಂಗಳಲ್ಲಿ ಏರಿದ ಉಪಗ್ರಹದಲ್ಲಿ ಸ್ವದೇಶದಲ್ಲೇ ತಯಾರಾದ ಗಡಿಯಾರವಿತ್ತು.

ಇಲ್ಲಿಗೆ ಕಥೆಯ ಅರ್ಧ ಮುಗಿಯಿತು. ತಾನೆಲ್ಲಿದ್ದೇನೆಂದು ವ್ಯಾನು ಅರಿಯಿತು. ಆದರೆ ತರೀಕೆರೆಯಲ್ಲಿ ಕುಳಿತ ಮಾಲಿಕ ಅರಿಯುವುದೆಂತು?

ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಬೇಕಾದ ಅದಿರನ್ನು ಒಂದು ಕಾಲದಲ್ಲಿ ಕೆಮ್ಮಣ್ಣುಗುಂಡಿಯಲ್ಲಿ ಅಗೆಯುತ್ತಿದ್ದರು. ಅದಿರು ರೋಪ್‌ವೇಯ ತೊಟ್ಟಿಗಳಲ್ಲಿ ತೂಗುತ್ತ ತಣಿಗೆಬೈಲಿಗೆ ಇಳಿಯುತ್ತಿತ್ತು. ಅಲ್ಲಿಂದ ಮುಂದಕ್ಕೆ ಟ್ರಾಮು ಒಯ್ಯುತ್ತಿತ್ತು. ಹಗ್ಗ ಎಷ್ಟು ಚೆನ್ನಾಗಿ ನಡೆದರೇನು, ಟ್ರಾಮು ಬಾರದಿದ್ದರೆ ಅದಿರು ಬೆಟ್ಟದ ಬುಡದಲ್ಲಿ ರಾಶಿ ಬೀಳಬೇಕಾದದ್ದೇ. ವ್ಯಾನಿನ ಪೆಟ್ಟಿಗೆಯ ವ್ಯವಹಾರವೂ ಹೀಗೆ ಎರಡು ಹಂತದ್ದು. ಮೇಲಿನಿಂದ ಕೆಳಕ್ಕೆ ವೇಳೆಯನ್ನು ಇಳಿಸುವುದು ಉಪಗ್ರಹ. ಅಲ್ಲಿಂದ ಊರಿಗೆ ಸುದ್ದಿ ಒಯ್ಯುವುದು ಮೊಬೈಲ್ ಟವರು. ಪೆಟ್ಟಿಗೆಯೊಳಗೆ ಒಂದು ಸಿಮ್ ಇರುತ್ತದೆ. ಸ್ಥಳ, ವೇಗ, ವೇಳೆ ಇಷ್ಟನ್ನೂ ಪೊಟ್ಟಣ ಕಟ್ಟಿ ಅದು ಹತ್ತಿರದ ಟವರಿಗೆ ಕೊಡುತ್ತದೆ. ಸಮುದ್ರಮಟ್ಟದಿಂದ 1,434 ಮೀಟರು ಎತ್ತರದ ಈ ಬೆಟ್ಟದ ದಾರಿಯಲ್ಲಿ ಗುಡ್ಡ ಅಡ್ಡ ಬಂದೊಡನೆ ಟವರು ಮರೆಯಾಗುತ್ತದೆ. ಆಕಾಶ ಕಾಣುತ್ತಿರುವುದರಿಂದ ವ್ಯಾನಿಗೆ ತನ್ನ ಸ್ಥಳ ಗೊತ್ತು, ಹೇಳಲು ಬಾಯಿಲ್ಲ.

ಸುದ್ದಿ ನಾಶವಾಗುವುದಿಲ್ಲ, ರಾಶಿ ಬೀಳುತ್ತದೆ. ಕೇಂದ್ರ ಸರ್ಕಾರ ವಿಧಿಸಿರುವ ಮಾನದಂಡದಂತೆ ಇಂಥ ಪೆಟ್ಟಿಗೆ ಕಡಿಮೆಯೆಂದರೆ 40,000 ನಮೂದುಗಳನ್ನು ಒಡಲಲ್ಲಿಟ್ಟುಕೊಳ್ಳಬಲ್ಲುದಾಗಿರಬೇಕು. ವ್ಯಾನಿನ ಬ್ಯಾಟರಿಯ ತಂತಿ ಕಡಿದರೂ ನಾಲ್ಕು ಗಂಟೆ ಕಾಲ ತನ್ನದೇ ಶಕ್ತಿಯಿಂದ ಬದುಕಿರಬೇಕು. ಟವರು ಸಿಕ್ಕೊಡನೆ ರಾಶಿ ಬಿದ್ದ ಸುದ್ದಿಯೆಲ್ಲ ಒಮ್ಮೆಗೇ ಹೊರಡುತ್ತದೆ. ಅಲ್ಲಿಯವರೆಗೆ ನಕ್ಷೆ ಕೊನೆಯ ಸುದ್ದಿ ಬಂದ ತಿರುವಿನಲ್ಲೇ ಚುಕ್ಕೆಯನ್ನು ನಿಲ್ಲಿಸಿಕೊಂಡಿರುತ್ತದೆ. ಆದುದರಿಂದ ಚುಕ್ಕೆಯ ಸ್ಥಳಕ್ಕಿಂತ ಮೊದಲು ಅದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿರುವ ವೇಳೆಯನ್ನು ನೋಡಬೇಕು. ವೇಳೆ ಹೊಸದಾಗಿದ್ದು ಸ್ಥಳ ಹಳೆಯದಾಗಿದ್ದರೆ ವ್ಯಾನು ನಿಂತಿದೆ. ವೇಳೆಯೇ ಹಳೆಯದಾಗಿದ್ದರೆ ನಿಂತಿರುವುದು ಸುದ್ದಿ. ವ್ಯಾನಿನ ಸಂಗತಿ ಯಾರಿಗೂ ತಿಳಿಯದು.

ಈ ಭೇದ ಜೀವದ ಪ್ರಶ್ನೆಯಾಗುವುದು ಕೆಂಪು ಗುಂಡಿಯ ವಿಷಯದಲ್ಲಿ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸೊಂದರಲ್ಲಿ ನಡೆದ ಘೋರ ಕೃತ್ಯದ ನಂತರ, ಪ್ರಯಾಣಿಕರ ಅದರಲ್ಲೂ ಸ್ತ್ರೀಯರ ರಕ್ಷಣೆಗಾಗಿ ವಾಹನಗಳಲ್ಲಿ ತುರ್ತು ಗುಂಡಿ ಇರಬೇಕೆಂಬ ಕೂಗೆದ್ದಿತು. 2016ರ ಅಧಿಸೂಚನೆಯ ಫಲವಾಗಿ, 2019ರ ಜನವರಿ 1ರಿಂದ ನೋಂದಣಿಯಾಗುವ ಹೊಸ ಬಸ್ಸು, ಟ್ಯಾಕ್ಸಿ ಮುಂತಾದವುಗಳಿಗೆ ಪೆಟ್ಟಿಗೆ, ಗುಂಡಿ ಎರಡೂ ಕಡ್ಡಾಯವಾದವು. ಆಟೋಗಳಿಗೆ ವಿನಾಯಿತಿ ದೊರೆಯಿತು. ಗುಂಡಿ ಒತ್ತಿದರೆ ನಿಯಂತ್ರಣ ಕೇಂದ್ರಕ್ಕೆ ಕೂಡಲೇ ಸುದ್ದಿ ಹೋಗಬೇಕು. ಇಂಟರ್‌ನೆಟ್ ಸಂಪರ್ಕ ಇಲ್ಲವಾದರೆ ಅದೇ ಸುದ್ದಿ ಎಸ್ಸೆಮ್ಮೆಸ್ಸಾಗಿ ಹೊರಡಬೇಕೆಂದು ಮಾನದಂಡ ಹೇಳುತ್ತದೆ. ಇದು ವಿವೇಕದ ನಿಯಮ. ಕ್ಷೀಣವಾದ ಸಂಪರ್ಕದಲ್ಲೂ ಎಸ್ಸೆಮ್ಮೆಸ್ ಒಮ್ಮೊಮ್ಮೆ ನುಸುಳಿ ಹೋಗುತ್ತದೆ. ಆದರೆ ಟವರಿನ ಸುಳಿವೇ ಇಲ್ಲದ ತಿರುವಿನಲ್ಲಿ ಗುಂಡಿ ಒತ್ತಿದ ಕೈಗೆ ಆ ಸಂಗತಿ ತಿಳಿಯುವುದಿಲ್ಲ. ಅಲ್ಲಿ ಯಾರಾದರೊಬ್ಬರು ಟವರು ಸಿಗುವ ಮೇಲಿನ ತಿರುವಿಗೆ ನಡೆದುಹೋಗಬೇಕು. ಆ ತಿರುವು ಯಾವುದೆಂದು ಆ ದಾರಿಯ ಚಾಲಕರಿಗೆ ಗೊತ್ತು, ಬೆಂಗಳೂರಿನಿಂದ ಬಂದ ಪ್ರವಾಸಿಗೆ ಗೊತ್ತಿಲ್ಲ. ಹೊರಡುವ ಮೊದಲೇ ಅದನ್ನು ಹೇಳಿಬಿಟ್ಟರೆ ಚಾಲಕನಿಗೆ ಬೀಳುವ ಖರ್ಚು ಒಂದು ಮಾತಿನದು. ಕಡಲಲ್ಲಂತೂ ಟವರೇ ಇಲ್ಲ. ಅದಕ್ಕೆಂದೇ ಮೀನುಗಾರರ ದೋಣಿಗಳಿಗೆ ಉಪಗ್ರಹದ ಮೂಲಕವೇ ಸುದ್ದಿ ಕಳುಹಿಸುವ ಬೇರೊಂದು ಯಂತ್ರವನ್ನು ಇಸ್ರೋ ರೂಪಿಸಿದೆ. ಘಟ್ಟದ ವ್ಯಾನಿಗೆ ಅಂಥದ್ದು ಇರಲೇಬೇಕೆಂದು ಈ ಮಾನದಂಡ ಕೇಳುವುದಿಲ್ಲ.

ಇನ್ನು ಚಾಲಕನ ಪಾಡು. ಎಂಜಿನ್ ಆರಲೆಂದು ಹತ್ತು ನಿಮಿಷ ನಿಂತರೂ, ಮಂಜು ಕವಿದಾಗ ನಿಧಾನವಾಗಿ ಹೋದರೂ ಪೆಟ್ಟಿಗೆ ಬರೆದಿಡುತ್ತದೆ. ಏಕೆ ನಿಂತನೆಂಬುದನ್ನು ಮಾತ್ರ ಬರೆಯುವುದಿಲ್ಲ. ನಿಂತುದಕ್ಕೆಲ್ಲ ಗದರುವ ಮಾಲಿಕನಿದ್ದರೆ ಚಾಲಕ ನಿಲ್ಲಬೇಕಾದಲ್ಲೂ ನಿಲ್ಲುವುದಿಲ್ಲ. ಘಟ್ಟದ ದಾರಿಯಲ್ಲಿ ಅದು ಪೆಟ್ಟಿಗೆ ಇಲ್ಲದ ಕಾಲಕ್ಕಿಂತ ಹೆಚ್ಚಿನ ಅಪಾಯ.

ಇತ್ತ ತರೀಕೆರೆಯಲ್ಲಿ ಏಳು ಗಂಟೆಯ ಹೊತ್ತಿಗೆ ಚುಕ್ಕೆ ಇದ್ದಕ್ಕಿದ್ದಂತೆ ಮೇಲಕ್ಕೆ ಜಿಗಿಯಿತು. ನೀಲಿ ಗೆರೆಯೊಂದು ತಿರುವು ತಿರುವಾಗಿ ಬಿಚ್ಚಿಕೊಂಡು ಬೆಟ್ಟದ ನೆತ್ತಿಯನ್ನು ಮುಟ್ಟಿತು. ಕೂಡಲೇ ಮೊಬೈಲೂ ಸದ್ದು ಮಾಡಿತು.

"ಎಲ್ಲೋ ನಿಂತಿದ್ದೆ ಇಷ್ಟು ಹೊತ್ತು?"

"ನಿಂತೇ ಇಲ್ಲ ಅಣ್ಣಾ. ಗೆಸ್ಟ್ ಹೌಸ್ ಮುಟ್ಟಿ ಅರ್ಧ ಗಂಟೆಯಾಯ್ತು. ಈಗ ಸಿಗ್ನಲ್ ಸಿಕ್ತು ನೋಡು."