ಕುರ್ಚಿ ಸಿಕ್ಕಿತು, ಬೀಗದ ಕೈ ಸಿಗಲಿಲ್ಲ

ಸುಮಾರು ಏಳು ಶತಮಾನದ ಹಿಂದೆ ಮಂಗಳೂರಿಗೆ ಬಂದು, ಇಲ್ಲಿನ ಮುಸ್ಲಿಮರ ಬಗ್ಗೆ ಬರೆದಿಟ್ಟ ಇಬ್ನ್ ಬತೂತಾ ಮೊರೊಕ್ಕೊದವರು. ಅವರ ನಾಡಿನಲ್ಲಿ ಇವತ್ತಿಗೂ ರಾಜರ ಆಳ್ವಿಕೆ ಇದೆ. ಅಲ್ಲಿ ಪಕ್ಷಗಳಿವೆ, ಚುನಾವಣೆಯೂ ನಡೆಯುತ್ತದೆ. ಆದರೆ ಗೆದ್ದವರ ಕೈಗೆ ಅಧಿಕಾರ ಬರುತ್ತದಾ ಅಂತ ಕೇಳಿದರೆ ಉತ್ತರ ಅಷ್ಟು ಸುಲಭವಿಲ್ಲ.

1998ರಲ್ಲಿ ರಾಜ ಎರಡನೇ ಹಸನ್ ಅವರು ವಿರೋಧ ಪಕ್ಷದ ಹಿರಿಯ ಅಬ್ದುರ್ರಹ್ಮಾನ್ ಯೂಸುಫಿ ಅವರನ್ನು ಪ್ರಧಾನಿ ಮಾಡಿದರು. ವರ್ಷಗಟ್ಟಲೆ ಪರದೇಶದಲ್ಲಿದ್ದ ನಾಯಕ ಅವರು. ಜನರಿಗೆ ದೊಡ್ಡ ಆಸೆ ಹುಟ್ಟಿತು. ಆದರೆ ಗೃಹ ಖಾತೆ ಅರಮನೆಯ ಮನುಷ್ಯನ ಕೈಯಲ್ಲೇ ಉಳಿಯಿತು. 2002ರಲ್ಲಿ ಯೂಸುಫಿ ಅವರ ಪಕ್ಷವೇ ಮೊದಲ ಸ್ಥಾನಕ್ಕೆ ಬಂದರೂ, ಈಗಿನ ರಾಜ ಆರನೇ ಮುಹಮ್ಮದ್ ಅವರು ಯಾವ ಪಕ್ಷಕ್ಕೂ ಸೇರದವರನ್ನು ಪ್ರಧಾನಿ ಮಾಡಿದರು.

2011ರಲ್ಲಿ ಅರಬ್ ನಾಡುಗಳಲ್ಲಿ ಜನ ಬೀದಿಗಿಳಿದಾಗ ಮೊರೊಕ್ಕೊದಲ್ಲಿ ಹೊಸ ಸಂವಿಧಾನ ಬಂತು. ಹೆಚ್ಚು ಸ್ಥಾನ ಗೆದ್ದ ಪಕ್ಷದವರೇ ಪ್ರಧಾನಿ ಆಗಬೇಕು ಅಂತ ಆಯಿತು. ಇಸ್ಲಾಮೀ ಹಿನ್ನೆಲೆಯ ನ್ಯಾಯ ಮತ್ತು ಅಭಿವೃದ್ಧಿ ಪಕ್ಷ ಗೆದ್ದು, ಅಬ್ದುಲ್ ಇಲಾಹ್ ಬಿನ್‌ಕೀರಾನ್ ಪ್ರಧಾನಿಯಾದರು. 2016ರಲ್ಲಿ ಆ ಪಕ್ಷಕ್ಕೆ 125 ಸ್ಥಾನ ಸಿಕ್ಕಿತು. ಐದು ತಿಂಗಳಾದರೂ ಮೈತ್ರಿ ಕೂಡಿಬರಲಿಲ್ಲ. ರಾಜರು ಅವರನ್ನು ಬದಲಾಯಿಸಿ, ಅದೇ ಪಕ್ಷದ ಸಅದುದ್ದೀನ್ ಉಸ್ಮಾನಿ ಅವರನ್ನು ತಂದರು. 2020ರ ಡಿಸೆಂಬರ್‌ನಲ್ಲಿ ಇಸ್ರೇಲ್ ಜೊತೆಗಿನ ಒಪ್ಪಂದಕ್ಕೆ ಸಹಿ ಹಾಕಿದ್ದು ಇದೇ ಉಸ್ಮಾನಿ. ಫೆಲೆಸ್ತೀನಿನ ಪರ ಮಾತಾಡುತ್ತಾ ಬೆಳೆದ ಪಕ್ಷ ಅದು! 2021ರ ಚುನಾವಣೆಯಲ್ಲಿ 125 ಸ್ಥಾನ 13ಕ್ಕೆ ಇಳಿಯಿತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಆದರೂ ದೊಡ್ಡ ತೀರ್ಮಾನ ಅರಮನೆಯದ್ದು, ಬೈಗುಳ ಪಕ್ಷಕ್ಕೆ.

ಅರಮನೆ ಗಟ್ಟಿಯಾಗಿದ್ದುದರಿಂದಲೇ ದೇಶ ಲಿಬಿಯಾ, ಸಿರಿಯಾದಂತೆ ಆಗಲಿಲ್ಲ ಎನ್ನುವವರಿದ್ದಾರೆ. ಆ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಫಿತ್ನ ಯಾರಿಗೆ ಬೇಕು? ಆದರೆ ತೀರ್ಮಾನ ಮಾಡುವವರು ಒಬ್ಬರು, ಉತ್ತರ ಕೊಡುವವರು ಇನ್ನೊಬ್ಬರು ಆದರೆ ಅದು ಸರಿಯಾ? ಮೊರೊಕ್ಕೊದ ಸಂವಿಧಾನ ರಾಜರನ್ನು ಅಮೀರುಲ್ ಮುಅ್‌ಮಿನೀನ್ ಎಂದು ಕರೆಯುತ್ತದೆ. ಖಲೀಫಾ ಉಮರ್(ರ.) ಅವರನ್ನು ಕರೆಯುತ್ತಿದ್ದುದೂ ಹಾಗೆಯೇ. ಮಿಂಬರಿನ ಮೇಲಿದ್ದ ಅವರ ಹತ್ತಿರ ಮೈಮೇಲಿನ ಬಟ್ಟೆಯ ಲೆಕ್ಕ ಕೇಳಿದ ಕತೆ ನಮ್ಮ ಮದ್ರಸದ ಸಣ್ಣ ಮಕ್ಕಳಿಗೂ ಗೊತ್ತು. ಆ ಹೆಸರಿಗೆ ತೂಕ ಬಂದದ್ದು ಅಂಥ ಉತ್ತರದಾಯಿತ್ವದಿಂದ.

ವಿರೋಧ ಪಕ್ಷಗಳಿಗೂ ಇದರಲ್ಲಿ ಪಾಠವಿದೆ. ಕುರ್ಚಿಯಲ್ಲಿ ಕೂರುವ ಮೊದಲು ಬೀಗದ ಕೈ ಯಾರ ಹತ್ತಿರ ಇದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅದರ ಫಲ ನೋಡಿ: 2025ರಲ್ಲಿ ಒಳ್ಳೆಯ ಆಸ್ಪತ್ರೆ, ಒಳ್ಳೆಯ ಶಾಲೆ ಕೊಡಿ ಅಂತ ಬೀದಿಗಿಳಿದ ಯುವಕರು ಯಾವ ಪಕ್ಷದ ಬಾಗಿಲಿಗೂ ಹೋಗಲಿಲ್ಲ. ಸರಕಾರವನ್ನು ವಜಾ ಮಾಡಿ ಅಂತ ನೇರ ರಾಜರನ್ನೇ ಕೇಳಿಕೊಂಡರು. ಓಟು ಹಾಕಿದ ಜನರೇ ಓಟಿನ ಮೇಲಿನ ನಂಬಿಕೆ ಕಳೆದುಕೊಂಡರೆ, ಆ ನಷ್ಟ ಪಕ್ಷಕ್ಕೆ ಮಾತ್ರವಲ್ಲ, ಇಡೀ ನಾಡಿಗೆ.