ಮನ್ಯಾಗ ಇಲಿ, ಹೊರಗ ಹುಲಿ

ಮಕ್ಕಳೇ, 2025ರ ಏಪ್ರಿಲ್‌ನಲ್ಲಿ ನಮ್ಮ ಆರ್‌ಸಿಬಿ ಹೋದ ಊರಲ್ಲೆಲ್ಲ ಗೆಲ್ಲುತ್ತಿತ್ತು. ತವರಾದ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಾತ್ರ ಗುಜರಾತ್, ದೆಹಲಿ, ಪಂಜಾಬ್ ತಂಡಗಳೆದುರು ಸಾಲಾಗಿ ಮೂರು ಪಂದ್ಯ ಸೋತಿತು.

ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ರಜೆಗೆ ಬಂದಿದ್ದ ಮೊಮ್ಮಗ ಸಿಟ್ಟಿನಿಂದ ಕೆಂಪಂಗಿ ಕಳಚಿ ಎಸೆದ.

"ಮುತ್ಯಾ, ಇವ್ರು ಮನ್ಯಾಗ ಇಲಿ, ಹೊರಗ ಹುಲಿ. ನಾ ಇನ್ನ ನೋಡಂಗಿಲ್ಲ!"

"ಗಣಿತದಾಗ ನಿನಗ ಕಡಿಮಿ ಮಾರ್ಕ್ಸ್ ಬಂದಾಗ, ನೀ ನನ್ನ ಮೊಮ್ಮಗನೇ ಅಲ್ಲ ಅಂತ ನಾ ಅಂದಿದ್ದೆನೇನು?"

ಅವನು ಮಾತಾಡಲಿಲ್ಲ. ಏಪ್ರಿಲ್ 24ರ ರಾತ್ರಿ ಅದೇ ಅಂಗಿ ತೊಟ್ಟು ನನ್ನ ಪಕ್ಕ ಬಂದು ಕೂತ. ಅಂದು ರಾಜಸ್ಥಾನದ ಮೇಲೆ 11 ರನ್‌ಗಳಿಂದ ತವರಿನ ಮೊದಲ ಗೆಲುವು!

ಜೂನ್ 3ರಂದು ಕಪ್ ಗೆದ್ದದ್ದು ಮಾತ್ರ ಅಹಮದಾಬಾದಿನಲ್ಲಿ.

"ನೋಡು ಮುತ್ಯಾ, ನಾ ಹೇಳಿದ್ದಿಲ್ಲ? ಹೊರಗ ಹುಲಿ!"